ಪ್ರಜೆಗೆ ರಾಜ್ಯಶಾಸ್ತ್ರ ಕಲಿಸಿದ ಡಿ.ವಿ.ಜಿ.

ಮುಂಬಯಿ ಮಹಾನಗರದ ಕನ್ನಡಿಗರಿಗೆ ಡಿ.ವಿ.ಜಿ. ಎಂಬ ಮೂರು ಅಕ್ಷರಗಳು ಅಪರಿಚಿತವಲ್ಲ. ನಮ್ಮ ಮಲಾಡ್ ಪರಿಸರದ ಕನ್ನಡ ಮನೆಗಳಲ್ಲಿ ಬೇರೆ ಕನ್ನಡ ಪುಸ್ತಕಗಳು ಇಲ್ಲದಿದ್ದರೂ ದೇವರ ಕೋಣೆಯ ಬದಿಯಲ್ಲೋ ಟಿ.ವಿ. ಕಪಾಟಿನ ಮೇಲೋ 'ಮಂಕುತಿಮ್ಮನ ಕಗ್ಗ'ದ ಒಂದು ಪ್ರತಿ ಇರುವುದುಂಟು. ರಾಜ್ಯೋತ್ಸವದ ವೇದಿಕೆಯಲ್ಲಿ ನಮ್ಮ ಮಕ್ಕಳು ಅದರ ಪದ್ಯಗಳನ್ನು ರಾಗವಾಗಿ ಹಾಡುತ್ತಾರೆ, ಹಿರಿಯರು ತಲೆದೂಗುತ್ತಾರೆ. ಆದರೆ ಕಗ್ಗದ ಕವಿಯಾಗಿ ಮನೆಮಾತಾದ ಈ ಮಹನೀಯರು ತಮ್ಮ ಜೀವಿತದ ಬಹುಭಾಗವನ್ನು ಸವೆಸಿದ್ದು ಬೇರೊಂದು ಕಾರ್ಯದಲ್ಲಿ ಎಂಬುದು ನಮ್ಮಲ್ಲಿ ಅನೇಕರ ಗಮನಕ್ಕೆ ಬಂದಿಲ್ಲ. ಸರಕಾರ ಏತಕ್ಕಾಗಿ ಇದೆ, ಅದಕ್ಕೆ ನಾವು ವಿಧೇಯರಾಗಬೇಕಾದುದು ಏಕೆ, ಎಲ್ಲಿಯವರೆಗೆ ಎಂಬ ಪ್ರಶ್ನೆಗಳನ್ನು ಅವರು ಕನ್ನಡದ ಸಾಮಾನ್ಯ ಓದುಗನ ಮುಂದೆ, ಕನ್ನಡದಲ್ಲಿಯೇ, ಸುಮಾರು ಆರು ದಶಕಗಳ ಕಾಲ ಇಡುತ್ತ ಬಂದರು.

ಈ ವಿಷಯ ನಮ್ಮ ಮನಸ್ಸಿಗೆ ಬಂದುದಕ್ಕೆ ಒಂದು ಸಣ್ಣ ಕಾರಣವಿದೆ. ನಮ್ಮ ನೆರೆಮನೆಯ ಕಾಲೇಜು ವಿದ್ಯಾರ್ಥಿನಿಯೊಬ್ಬಳು ಒಂದು ಸಂಜೆ ರಾಜ್ಯಶಾಸ್ತ್ರದ ಪಠ್ಯಪುಸ್ತಕ ಹಿಡಿದು ಬಂದಳು. ಸಾಮಾಜಿಕ ಒಪ್ಪಂದದ ಸಿದ್ಧಾಂತದ ಬಗ್ಗೆ ಅವಳು ತರಗತಿಯಲ್ಲಿ ಮಾತನಾಡಬೇಕಿತ್ತು. ಇಂಗ್ಲಿಷಿನಲ್ಲಿ ಬಾಯಿಪಾಠವಾಗಿದ್ದ ಸಂಗತಿಯನ್ನು ಮನೆಯಲ್ಲಿದ್ದ ಅಜ್ಜಿಗೆ ಕನ್ನಡದಲ್ಲಿ ವಿವರಿಸಲು ಹೋಗಿ ಸೋತಿದ್ದಳು. ಅಜ್ಜಿಯವರು ಮಾತ್ರ ಸೋತಿರಲಿಲ್ಲ. ನಮ್ಮ ಕಟ್ಟಡದ ಸೊಸೈಟಿಯಂತೆಯೇ ಅಲ್ಲವೇ ಇದು, ಎಲ್ಲರೂ ತಿಂಗಳ ಹಣ ಕಟ್ಟಿದರೆ ನೀರಿನ ಪಂಪು ಓಡುತ್ತದೆ, ಕಟ್ಟಿದ ಮೇಲೆ ಲೆಕ್ಕ ಕೇಳುವ ಹಕ್ಕೂ ಬರುತ್ತದೆ ಎಂದು ಅವರು ಸಲೀಸಾಗಿ ಮುಗಿಸಿದ್ದರಂತೆ. 1960ರ ಮಹಾರಾಷ್ಟ್ರ ಸಹಕಾರಿ ಸಂಘಗಳ ಕಾಯಿದೆಯ ನೆರಳಿನಲ್ಲಿ ಬದುಕುವ ನಮಗೆಲ್ಲ ಇದಕ್ಕಿಂತ ಹತ್ತಿರದ ಉದಾಹರಣೆ ಸಿಗಲಾರದು. ಆದರೂ ಆ ಮಗುವಿಗೆ ಕೊಡಲು ಕನ್ನಡದ ಗ್ರಂಥವೊಂದು ಬೇಕಿತ್ತು. ಆಗ ನಾವು ಹುಡುಕಿ ತೆಗೆದದ್ದು ಡಿ.ವಿ.ಜಿ.ಯವರ 'ರಾಜ್ಯಶಾಸ್ತ್ರ'.

ಸಿದ್ಧಾಂತವನ್ನು ಎರಡು ಮಾತುಗಳಲ್ಲಿ ಹೇಳಿಬಿಡುವುದು ಒಳ್ಳೆಯದು. ಅರಸನು ದೇವರಿಂದ ಅಧಿಕಾರ ಪಡೆದವನು ಎಂಬ ನಂಬಿಕೆ ಯುರೋಪಿನಲ್ಲಿ ಸಡಿಲವಾಗತೊಡಗಿದಾಗ, ಹಾಗಾದರೆ ಅಧಿಕಾರದ ಮೂಲ ಯಾವುದು ಎಂಬ ಪ್ರಶ್ನೆ ಎದ್ದಿತು. ಸರಕಾರವೇ ಇಲ್ಲದ ಸ್ಥಿತಿಯಲ್ಲಿ ಮನುಷ್ಯರು ಒಬ್ಬರಿಗೊಬ್ಬರು ಅಂಜಿ ಬದುಕಬೇಕಾಗುವುದರಿಂದ, ಎಲ್ಲರೂ ಸೇರಿ ತಮ್ಮ ಶಕ್ತಿಯನ್ನು ಒಬ್ಬ ಬಲಿಷ್ಠನ ಕೈಗೆ ಒಪ್ಪಿಸಿದರು ಎಂದು ಇಂಗ್ಲೆಂಡಿನ ಹಾಬ್ಸ್ 1651ರಲ್ಲಿ ವಾದಿಸಿದನು. ಒಪ್ಪಿಸಿದ್ದು ಕೇವಲ ನಂಬಿಕೆಯ ನಿಧಿ, ನಂಬಿಕೆಗೆ ದ್ರೋಹವಾದರೆ ಜನರು ಅದನ್ನು ಹಿಂದಕ್ಕೆ ಪಡೆಯಬಹುದು ಎಂಬುದು ಲಾಕ್‌ನ ನಿಲುವು. ಸಮುದಾಯದ ಸಾಮಾನ್ಯ ಸಂಕಲ್ಪವೇ ಒಡೆಯನೆಂದು ಫ್ರೆಂಚ್ ಭಾಷೆಯಲ್ಲಿ ಬರೆದ ರೂಸೋ 1762ರಲ್ಲಿ ಪ್ರತಿಪಾದಿಸಿದನು. ನಮ್ಮವರೂ ಈ ವಿಚಾರದಲ್ಲಿ ಹಿಂದೆ ಬಿದ್ದವರಲ್ಲ. ದೊಡ್ಡ ಮೀನು ಸಣ್ಣ ಮೀನನ್ನು ನುಂಗುವ ಮತ್ಸ್ಯನ್ಯಾಯಕ್ಕೆ ಬೆದರಿದ ಜನರು ಮನುವನ್ನು ಅರಸನನ್ನಾಗಿ ಆರಿಸಿಕೊಂಡು ಅವನಿಗೆ ತಮ್ಮ ಗಳಿಕೆಯ ಪಾಲು ಕೊಡಲು ಒಪ್ಪಿದ ಕಥೆ ಮಹಾಭಾರತದ ಶಾಂತಿಪರ್ವದಲ್ಲಿದೆ. ಕೌಟಿಲ್ಯನ ಅರ್ಥಶಾಸ್ತ್ರವೂ ಅದನ್ನು ನೆನೆದು, ಧಾನ್ಯದಲ್ಲಿ ಆರನೆಯ ಒಂದು ಪಾಲು ಪಡೆದ ಅರಸನು ಪ್ರಜೆಯ ಯೋಗಕ್ಷೇಮಕ್ಕೆ ಹೊಣೆಯೆಂದು ಸಾರುತ್ತದೆ. ತೆರಿಗೆಯೆಂದರೆ ಕಪ್ಪವಲ್ಲ, ಕಾಯುವ ಕೆಲಸಕ್ಕೆ ಕೊಡುವ ಕೂಲಿ ಎಂಬ ಭಾವನೆ ಅಲ್ಲಿ ಸ್ಪಷ್ಟವಾಗಿದೆ.

ಇಂಥ ಗಹನ ವಿಚಾರಗಳನ್ನು ಕನ್ನಡಕ್ಕೆ ಒಗ್ಗಿಸಿದ ವ್ಯಕ್ತಿ ಯಾವುದೋ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾಗಿರಬೇಕೆಂದು ಓದುಗರು ಊಹಿಸಿದರೆ ತಪ್ಪಲ್ಲ. ವಾಸ್ತವ ಬೇರೆ. ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪನವರು ಮೆಟ್ರಿಕ್ ಪರೀಕ್ಷೆಯಲ್ಲಿ ಉತ್ತೀರ್ಣರಾದವರಲ್ಲ. 1887ರ ಮಾರ್ಚ್ 17ರಂದು ಕೋಲಾರ ಜಿಲ್ಲೆಯ ಮುಳಬಾಗಿಲಿನಲ್ಲಿ ಜನಿಸಿದ ಅವರು ಸಂಸ್ಕೃತವನ್ನೂ ಇಂಗ್ಲಿಷನ್ನೂ ಬಹುಮಟ್ಟಿಗೆ ಸ್ವಂತ ಪರಿಶ್ರಮದಿಂದಲೇ ಗಳಿಸಿಕೊಂಡರು. ಹೊಟ್ಟೆಪಾಡಿಗಾಗಿ ಅವರು ಮಾಡಿದ ಕೆಲಸಗಳನ್ನು ನೆನೆದರೆ ಅಚ್ಚರಿಯಾಗುತ್ತದೆ. ಮುಳಬಾಗಿಲಿನಲ್ಲಿ ಸ್ವಲ್ಪ ಕಾಲ ಉಪಾಧ್ಯಾಯ ವೃತ್ತಿ, ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿ ಸೋಡಾ ಕಾರ್ಖಾನೆಯ ಚಾಕರಿ, ಬೆಂಗಳೂರಿನಲ್ಲಿ ಗಾಡಿಗಳಿಗೆ ಬಣ್ಣ ಬಳಿಯುವ ಅಂಗಡಿ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಕೋಟೆ ಪ್ರದೇಶದ ಕನ್ನಡ ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತ ನಮ್ಮ ಮುಂಬಯಿ ಕನ್ನಡಿಗರ ಹಿಂದಿನ ತಲೆಮಾರಿಗೆ ಈ ಪುಟಗಳು ತಮ್ಮದೇ ಬಾಳಿನ ಪುಟಗಳಂತೆ ಕಂಡಾವು.

ಕಡೆಗೆ ಅವರನ್ನು ಕೈಹಿಡಿದದ್ದು ಪತ್ರಿಕಾವೃತ್ತಿ. ಅಲ್ಲಿಯೇ ಅವರಿಗೆ ರಾಜ್ಯಶಾಸ್ತ್ರದ ಮೊದಲ ಪಾಠವೂ ಆಯಿತೆನ್ನಬೇಕು. 1908ರಲ್ಲಿ ಮೈಸೂರು ಸರಕಾರ ಪತ್ರಿಕೆಗಳನ್ನು ನಿರ್ಬಂಧಿಸುವ ಕಾನೂನನ್ನು ತಂದಿತು. ಮೈಸೂರಿನ ತಾತಯ್ಯನವರೆಂದು ಪ್ರಖ್ಯಾತರಾದ ಎಂ. ವೆಂಕಟಕೃಷ್ಣಯ್ಯನವರು ಪ್ರತಿಭಟನಾರ್ಥವಾಗಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿಬಿಟ್ಟರು. ಇಪ್ಪತ್ತೊಂದರ ಹರೆಯದ ಗುಂಡಪ್ಪನವರ ಕಣ್ಣೆದುರಿಗೇ ನಡೆದ ಘಟನೆಯಿದು. ಒಳ್ಳೆಯ ಅರಸನೂ ದಕ್ಷ ದಿವಾನನೂ ಇರುವ ರಾಜ್ಯದಲ್ಲಿಯೂ ಪ್ರಜೆಯ ಬಾಯಿಗೆ ಬೀಗ ಬೀಳಬಹುದು, ಏಕೆಂದರೆ ಅಲ್ಲಿ ಪ್ರಜೆಯ ಹಕ್ಕು ಅರಸನ ಕೃಪೆಯೇ ಹೊರತು ಲಿಖಿತ ಕರಾರಲ್ಲ ಎಂಬ ಅರಿವಿಗೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ.

ಮೈಸೂರು ಸಂಸ್ಥಾನದ ಕಥೆಯೇ ಈ ದೃಷ್ಟಿಯಿಂದ ಬೋಧಪ್ರದವಾದುದು. ಐವತ್ತು ವರ್ಷಗಳ ಬ್ರಿಟಿಷ್ ಆಡಳಿತದ ಬಳಿಕ 1881ರ ಮಾರ್ಚಿನಲ್ಲಿ ರಾಜ್ಯವನ್ನು ಒಡೆಯರ ಮನೆತನಕ್ಕೆ ಮರಳಿ ಒಪ್ಪಿಸಲಾಯಿತು. ಒಪ್ಪಿಸಿದ ಪತ್ರದಲ್ಲಿ ಷರತ್ತುಗಳಿದ್ದವು, ಸಹಿಗಳಿದ್ದವು. 1913ರಲ್ಲಿ ಅದರ ಸ್ಥಾನದಲ್ಲಿ ಹೊಸ ಒಪ್ಪಂದವೊಂದು ಬಂದಿತು. ಎರಡರಲ್ಲಿಯೂ ಕರಾರು ಬ್ರಿಟಿಷ್ ಚಕ್ರಾಧಿಪತ್ಯಕ್ಕೂ ಮಹಾರಾಜರಿಗೂ ನಡುವೆ. ತೆರಿಗೆ ಕಟ್ಟುವ, ಕಾನೂನಿಗೆ ತಲೆಬಾಗುವ ಪ್ರಜೆಯ ಸಹಿ ಎಲ್ಲಿಯೂ ಇರಲಿಲ್ಲ. ದಿವಾನ್ ರಂಗಾಚಾರ್ಲು ಅವರು 1881ರ ಅಕ್ಟೋಬರ್ 7ರಂದು 144 ಸದಸ್ಯರ ಪ್ರಜಾಪ್ರತಿನಿಧಿ ಸಭೆಯನ್ನು ಕರೆದದ್ದು ದೊಡ್ಡ ಹೆಜ್ಜೆ, ನಿಜ. ಭಾರತದ ಸಂಸ್ಥಾನಗಳಲ್ಲಿ ಅದು ಮೊದಲನೆಯದು. ಆದರೆ ಆ ಸಭೆ ಕಷ್ಟ ಹೇಳಿಕೊಳ್ಳಬಹುದಿತ್ತೇ ಹೊರತು ಸರಕಾರವನ್ನು ಬದ್ಧಗೊಳಿಸುವಂತಿರಲಿಲ್ಲ. ಯುವಕ ಡಿ.ವಿ.ಜಿ.ಯವರು ರಂಗಾಚಾರ್ಲು ಅವರ ಜೀವನಚರಿತ್ರೆಯನ್ನು ಬರೆದದ್ದು ಕಾಕತಾಳೀಯವೆಂದು ನಾವು ಭಾವಿಸುವುದಿಲ್ಲ.

ಆ 1913ರಲ್ಲಿಯೇ ಅವರು ಬೆಂಗಳೂರಿನಿಂದ 'ಕರ್ನಾಟಕ' ಎಂಬ ಇಂಗ್ಲಿಷ್ ಪತ್ರಿಕೆಯನ್ನು ಆರಂಭಿಸಿದರು. ವಾರಕ್ಕೆ ಎರಡು ಬಾರಿ ಹೊರಬರುತ್ತಿದ್ದ ಆ ಪತ್ರಿಕೆ ಸರ್ ಎಂ. ವಿಶ್ವೇಶ್ವರಯ್ಯನವರ ದಿವಾನಗಿರಿಯ ಕಾಲದಲ್ಲಿ ಸಂಸ್ಥಾನದ ಸಾರ್ವಜನಿಕ ಅಭಿಪ್ರಾಯಕ್ಕೆ ಒಂದು ಗಂಭೀರ ವೇದಿಕೆಯಾಯಿತು. ವಿಶ್ವೇಶ್ವರಯ್ಯನವರೊಡನೆ ಅವರಿಗೆ ಆಪ್ತತೆಯಿತ್ತು, ಗೌರವವಿತ್ತು. ಆದರೂ ಸರಕಾರದಿಂದ ಬರುವ ಸಂಭಾವನೆಯ ವಿಷಯದಲ್ಲಿ ಅವರು ಪಾಲಿಸಿದ ಮಡಿವಂತಿಕೆ ಪ್ರಸಿದ್ಧವಾದುದು. ಸರಕಾರವನ್ನು ವಿಮರ್ಶಿಸಬೇಕಾದವನು ಸರಕಾರದ ಹಣಕ್ಕೆ ಕೈಯೊಡ್ಡಬಾರದೆಂಬುದು ಅವರ ನಿಯಮ. ಸರಕಾರಿ ಕೆಲಸಗಳಿಗಾಗಿ ಬಂದ ಚೆಕ್ಕುಗಳನ್ನು ಅವರು ನಗದು ಮಾಡಿಕೊಳ್ಳದೆ ಹಾಗೆಯೇ ಇಟ್ಟಿದ್ದರೆಂದು ಅವರನ್ನು ಬಲ್ಲವರು ಹೇಳುತ್ತ ಬಂದಿದ್ದಾರೆ. ಇದು ವಿರಕ್ತಿಯ ಪ್ರದರ್ಶನವೆಂದು ಕೆಲವರಿಗೆ ತೋರಬಹುದು. ನಮಗೆ ಹಾಗೆ ತೋರುವುದಿಲ್ಲ. ಒಪ್ಪಂದದಲ್ಲಿ ಒಂದು ಪಕ್ಷದ ಪರವಾಗಿ ಮಾತನಾಡುವ ವಕೀಲನು ಎದುರು ಪಕ್ಷದಿಂದ ಶುಲ್ಕ ಪಡೆಯಬಾರದೆಂಬ ಸರಳ ಲೆಕ್ಕವದು. ಮನೆಯಲ್ಲಿ ಬಡತನವಿದ್ದಾಗಲೂ ಆ ಲೆಕ್ಕ ತಪ್ಪಲಿಲ್ಲ ಎಂಬುದೇ ವಿಶೇಷ.

1915ರ ಫೆಬ್ರವರಿಯಲ್ಲಿ ಗೋಪಾಲಕೃಷ್ಣ ಗೋಖಲೆಯವರು ನಿಧನರಾದರು. ಅವರ ಬಗ್ಗೆ ಡಿ.ವಿ.ಜಿ.ಯವರು ಕನ್ನಡದಲ್ಲಿ ಜೀವನಚರಿತ್ರೆ ಬರೆದರು, ಬಾಳಿನ ಕಡೆಯವರೆಗೂ ಅವರನ್ನು ಆದರ್ಶವಾಗಿ ಇಟ್ಟುಕೊಂಡರು. ನಮ್ಮ ಮುಂಬಯಿಗೆ ಇಲ್ಲಿ ಒಂದು ನಂಟಿದೆ. ಗೋಖಲೆಯವರು ಮುಂಬಯಿ ಶಾಸನ ಪರಿಷತ್ತಿನಲ್ಲಿದ್ದವರು, ಬಳಿಕ ಮುಂಬಯಿ ಪ್ರಾಂತದ ಪ್ರತಿನಿಧಿಯಾಗಿ ಕೇಂದ್ರದ ಶಾಸನ ಪರಿಷತ್ತಿಗೆ ಹೋಗಿ 1902ರಿಂದ ಆಯವ್ಯಯದ ಕುರಿತು ಮಾಡಿದ ಭಾಷಣಗಳಿಂದ ದೇಶದ ಗಮನ ಸೆಳೆದವರು. ಉಪ್ಪಿನ ತೆರಿಗೆ ಎಷ್ಟು, ಸೈನ್ಯಕ್ಕೆ ಎಷ್ಟು, ಶಾಲೆಗೆ ಎಷ್ಟು ಎಂದು ಅಂಕಿಅಂಶಗಳೊಡನೆ ಸರಕಾರವನ್ನು ನಿಲ್ಲಿಸಿ ಕೇಳುವ ಪದ್ಧತಿಯನ್ನು ಅವರು ಬೆಳೆಸಿದರು. ರೊಚ್ಚಿನ ಮಾತಿಗಿಂತ ಓದಿಕೊಂಡು ಬಂದ ಪ್ರಶ್ನೆಗೆ ಸರಕಾರ ಹೆಚ್ಚು ಅಂಜುತ್ತದೆ ಎಂಬ ಪಾಠವನ್ನು ಡಿ.ವಿ.ಜಿ.ಯವರು ಅಲ್ಲಿಂದ ತೆಗೆದುಕೊಂಡರು. ಜೊತೆಗೆ ಮಿಲ್, ಮಾರ್ಲಿ ಮೊದಲಾದ ಆಂಗ್ಲ ಉದಾರವಾದಿಗಳ ಓದು, ಮನೆಯ ಸಂಸ್ಕಾರವಾಗಿ ಬಂದ ಗೀತೆ, ಉಪನಿಷತ್ತು, ರಾಮಾಯಣ. ಇವೆಲ್ಲ ಒಂದೇ ಮನಸ್ಸಿನಲ್ಲಿ ಜಗಳವಾಡದೆ ಕೂಡಿಕೊಂಡಿದ್ದವು.

ಅವರ ರಾಜಕೀಯ ಚಿಂತನೆಯ ತಿರುಳಿರುವುದು ಸಂಸ್ಥಾನಗಳ ಪ್ರಶ್ನೆಯಲ್ಲಿ. ಇಂದಿನ ತರುಣರಿಗೆ ಇದನ್ನು ಸ್ವಲ್ಪ ವಿವರಿಸಬೇಕು. ಸ್ವಾತಂತ್ರ್ಯಪೂರ್ವ ಭಾರತದ ಜನಸಂಖ್ಯೆಯಲ್ಲಿ ಸುಮಾರು ನಾಲ್ಕನೆಯ ಒಂದು ಭಾಗ ರಾಜಮಹಾರಾಜರ, ನವಾಬರ ಸಂಸ್ಥಾನಗಳಲ್ಲಿತ್ತು. ಕನ್ನಡಿಗರಂತೂ ಹಂಚಿಹೋಗಿದ್ದರು. ಬೆಂಗಳೂರಿನವರು ಮೈಸೂರು ಮಹಾರಾಜರ ಪ್ರಜೆಗಳು, ಕಲಬುರ್ಗಿಯವರು ನಿಜಾಮರ ಪ್ರಜೆಗಳು, ಧಾರವಾಡ, ಕಾರವಾರದವರು ಮುಂಬಯಿ ಪ್ರಾಂತಕ್ಕೂ ಮಂಗಳೂರು, ಉಡುಪಿಯವರು ಮದರಾಸಿಗೂ ಸೇರಿದವರು, ಕೊಡಗಿನದು ಬೇರೆಯೇ ಆಡಳಿತ. ಒಂದೇ ಭಾಷೆಯನ್ನಾಡುವ ಜನ ಐದು ಬಗೆಯ ಸರಕಾರಗಳಿಗೆ ವಿಧೇಯರು. ಹುಬ್ಬಳ್ಳಿಯವನಿಗೆ ಶಾಸನಸಭೆಯ ಚುನಾವಣೆಯೆಂಬುದು ಪರಿಚಿತವಾಗತೊಡಗಿದ್ದಾಗ ಬೀದರಿನವನಿಗೆ ಅಂಥದೊಂದು ಇದೆಯೆಂಬುದೂ ಗೊತ್ತಿರಲಿಲ್ಲ. ಬ್ರಿಟಿಷ್ ಭಾರತಕ್ಕೆ ಸ್ವರಾಜ್ಯ ಬಂದಾಗ ಸಂಸ್ಥಾನಗಳ ಪ್ರಜೆಗಳ ಗತಿಯೇನು ಎಂಬ ಪ್ರಶ್ನೆಯನ್ನು ಡಿ.ವಿ.ಜಿ.ಯವರು 1917ರಷ್ಟು ಹಿಂದೆಯೇ ಇಂಗ್ಲಿಷಿನಲ್ಲಿ ಪ್ರಬಂಧರೂಪವಾಗಿ ಎತ್ತಿದರು. ಆಗ ದೊಡ್ಡ ದೊಡ್ಡ ನಾಯಕರಿಗೂ ಅದು ಮುಖ್ಯವೆನಿಸಿರಲಿಲ್ಲ.

ಹತ್ತು ವರ್ಷಗಳ ಬಳಿಕ ಪ್ರಶ್ನೆ ತಾನಾಗಿಯೇ ಮುಂದೆ ಬಂದು ನಿಂತಿತು. 1927ರ ಡಿಸೆಂಬರಿನಲ್ಲಿ ನಮ್ಮ ಮುಂಬಯಿಯಲ್ಲಿಯೇ ಅಖಿಲ ಭಾರತ ಸಂಸ್ಥಾನ ಪ್ರಜಾ ಪರಿಷತ್ತಿನ ಮೊದಲ ಅಧಿವೇಶನ ನಡೆಯಿತು. ಅದೇ ಸುಮಾರಿಗೆ ಸಂಸ್ಥಾನಗಳಿಗೂ ಬ್ರಿಟಿಷ್ ಪ್ರಭುತ್ವಕ್ಕೂ ಇರುವ ಸಂಬಂಧವನ್ನು ವಿಚಾರಿಸಲು ಸರ್ ಹಾರ್ಕೋರ್ಟ್ ಬಟ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ನೇಮಕವಾಯಿತು. ಪ್ರಜೆಗಳ ಅಹವಾಲನ್ನು ಆಲಿಸುವುದು ತನ್ನ ಕಾರ್ಯವ್ಯಾಪ್ತಿಗೆ ಸೇರಿದ್ದಲ್ಲವೆಂದು ಆ ಸಮಿತಿ ಭಾವಿಸಿತು. ಅರಸರ ಪರವಾಗಿ ವಾದಿಸಿದ ನ್ಯಾಯವಾದಿಗಳು, ಒಪ್ಪಂದಗಳು ಅರಸರಿಗೂ ಬ್ರಿಟಿಷ್ ಸಿಂಹಾಸನಕ್ಕೂ ನೇರವಾಗಿ ಸಂಬಂಧಿಸಿದವು, ಭಾರತದಲ್ಲಿ ಮುಂದೆ ಬರಬಹುದಾದ ಜವಾಬ್ದಾರಿ ಸರಕಾರಕ್ಕೆ ಅವುಗಳ ಮೇಲೆ ಹಕ್ಕಿಲ್ಲ ಎಂದರು. 1929ರ ವರದಿ ಬಹುಮಟ್ಟಿಗೆ ಆ ದಿಕ್ಕಿಗೇ ಒಲಿಯಿತು.

ಇಲ್ಲಿ ಡಿ.ವಿ.ಜಿ.ಯವರ ನಿಲುವು ನಮ್ಮ ವಿದ್ಯಾರ್ಥಿನಿಯ ಪಠ್ಯಕ್ಕೆ ನೇರವಾಗಿ ಸೇರುತ್ತದೆ. ಕರಾರಿನಲ್ಲಿ ಇಬ್ಬರ ಹೆಸರಿದ್ದರೂ ಅದರ ಹಿಂದೆ ಮೂರನೆಯ ಪಕ್ಷವೊಂದಿದೆ, ಅದು ಪ್ರಜೆ. ಅರಸನು ಒಪ್ಪಂದ ಮಾಡಿಕೊಂಡದ್ದು ತನ್ನ ಖಾಸಗಿ ಆಸ್ತಿಯ ಬಗೆಗಲ್ಲ, ಪ್ರಜೆಯ ಪ್ರತಿನಿಧಿಯಾಗಿ. ಆದುದರಿಂದ ಪ್ರಜೆಯ ಹಿತಕ್ಕೆ ವಿರುದ್ಧವಾಗಿ ಅದನ್ನು ಅರ್ಥೈಸಲು ಬಾರದು ಎಂಬುದು ಅವರ ವಾದದ ಸಾರ. 1931ರಲ್ಲಿ ಅವರು ಭಾರತದ ಸಂವಿಧಾನದಲ್ಲಿ ಸಂಸ್ಥಾನಗಳ ಹಾಗೂ ಅವುಗಳ ಪ್ರಜೆಗಳ ಸ್ಥಾನವನ್ನು ಕುರಿತು ಇಂಗ್ಲಿಷಿನಲ್ಲಿ ಗ್ರಂಥವನ್ನೇ ರಚಿಸಿದರು. ಒಪ್ಪಂದ ಎಂದಾದರೂ ನಿಜವಾಗಿ ನಡೆಯಿತೇ, ಯಾವ ಇಸವಿಯಲ್ಲಿ, ಯಾವ ಮರದ ಕೆಳಗೆ ಎಂದು ಹಾಬ್ಸ್, ರೂಸೋ ಅವರನ್ನು ಹಾಸ್ಯ ಮಾಡುವ ವಿಮರ್ಶಕರಿದ್ದಾರೆ. ಆದರೆ ಸಂಸ್ಥಾನಗಳ ಮಟ್ಟಿಗೆ ಒಪ್ಪಂದಗಳು ಕಲ್ಪನೆಯಾಗಿರಲಿಲ್ಲ. ಮುದ್ರೆಯೊತ್ತಿದ ಕಾಗದಗಳಾಗಿದ್ದವು. ಅವುಗಳಲ್ಲಿ ಪ್ರಜೆಯನ್ನು ಮರೆತದ್ದರಿಂದ ಕೋಟ್ಯಂತರ ಜನರ ಬದುಕಿನಲ್ಲಿ ಏನಾಗುತ್ತದೆ ಎಂಬುದು ಕಣ್ಣಿಗೆ ಕಾಣುವಂತಿತ್ತು. ಯುರೋಪಿನ ಸಿದ್ಧಾಂತ ಬೆಂಗಳೂರಿನ ಪತ್ರಕರ್ತರೊಬ್ಬರ ಕೈಯಲ್ಲಿ ಹೀಗೆ ಊರಿನ ಅಹವಾಲಾಗಿ ಮಾರ್ಪಟ್ಟಿತು.

1926ರಿಂದ 1940ರವರೆಗೆ ಅವರು ಮೈಸೂರು ಶಾಸನಸಭೆಯ ಸದಸ್ಯರಾಗಿದ್ದರು. 1928ರಲ್ಲಿ, ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಬಾಗಲಕೋಟೆಯಲ್ಲಿ ನಡೆದ ಕರ್ನಾಟಕ ಪತ್ರಕರ್ತರ ಸಮ್ಮೇಳನದ ಅಧ್ಯಕ್ಷತೆ ವಹಿಸಿದರು. 1932ರಲ್ಲಿ ಮಡಿಕೇರಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು, ಅನಂತರ ಸಾಹಿತ್ಯ ಪರಿಷತ್ತಿನ ಉಪಾಧ್ಯಕ್ಷರಾಗಿ ವಸಂತ ಸಾಹಿತ್ಯೋತ್ಸವಗಳನ್ನು ನಡೆಸಿದರು. 'ಉಮರನ ಒಸಗೆ', 'ನಿವೇದನ', 1943ರ 'ಮಂಕುತಿಮ್ಮನ ಕಗ್ಗ' ಮೊದಲಾದ ಕಾವ್ಯಗಳ ವಿಷಯ ಸರ್ವವಿದಿತವಾದುದರಿಂದ ಇಲ್ಲಿ ಬೆಳೆಸುವುದಿಲ್ಲ. ಮನೆಯೊಳಗಿನ ಒಂದು ದುಃಖವನ್ನು ಮಾತ್ರ ಹೇಳಲೇಬೇಕು. ಪತ್ನಿ ಭಾಗೀರಥಮ್ಮನವರು 1924ರಲ್ಲಿ ಬೆಂಕಿಯ ಅವಘಡದಲ್ಲಿ ತೀರಿಕೊಂಡರು. ಆಗ ಡಿ.ವಿ.ಜಿ.ಯವರಿಗೆ ಮೂವತ್ತೇಳು ವರ್ಷ. ಅವರು ಮತ್ತೆ ಮದುವೆಯಾಗಲಿಲ್ಲ. ಮುಂದೆ ಸಸ್ಯಶಾಸ್ತ್ರಜ್ಞರಾಗಿಯೂ ಲೇಖಕರಾಗಿಯೂ ಕೀರ್ತಿ ಪಡೆದ ಬಿ.ಜಿ.ಎಲ್. ಸ್ವಾಮಿಯವರು ಅವರ ಪುತ್ರರು.

ಅವರ ರಾಜಕೀಯ ನಿಲುವನ್ನು ಮೆಚ್ಚುವಾಗ ಅದರ ಮಿತಿಯನ್ನು ಮರೆಮಾಚುವುದು ನಮಗೆ ಸರಿಯೆನಿಸದು. ಡಿ.ವಿ.ಜಿ.ಯವರು ಮಿತವಾದಿಗಳು. ಅರಸೊತ್ತಿಗೆಯನ್ನು ಕಿತ್ತೊಗೆಯಬೇಕೆಂದು ಅವರು ಹೇಳಲಿಲ್ಲ, ಸಂವಿಧಾನದ ಚೌಕಟ್ಟಿನಲ್ಲಿ ಅರಸನನ್ನು ಉಳಿಸಿಕೊಂಡೇ ಜವಾಬ್ದಾರಿ ಸರಕಾರವನ್ನು ಮೆಟ್ಟಿಲು ಮೆಟ್ಟಿಲಾಗಿ ತರಬಹುದೆಂದು ನಂಬಿದ್ದರು. ಬೀದಿಗಿಳಿದ ಚಳವಳಿಯ ಬಗ್ಗೆ ಅವರಿಗೆ ಸಂಶಯವಿತ್ತು. ಆದರೆ ಮೈಸೂರಿನಲ್ಲಿ ಬಾಗಿಲು ತೆರೆದದ್ದು ಮೆಟ್ಟಿಲುಗಳಿಂದಲ್ಲ. 1938ರಲ್ಲಿ ಶಿವಪುರದ ಧ್ವಜ ಸತ್ಯಾಗ್ರಹ ನಡೆಯಿತು. ಸ್ವಾತಂತ್ರ್ಯ ಬಂದ ಮೇಲೂ ಜನ ಮೈಸೂರು ಚಲೋ ಚಳವಳಿ ಹೂಡಬೇಕಾಯಿತು. ಆ ಒತ್ತಡದ ಬಳಿಕವೇ 1947ರ ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರಕ್ಕೆ ಬಂದಿತು. ಓದುಬರಹ ಬಾರದ ಸಾವಿರಾರು ರೈತರು ಕರಾರಿನ ಮೂರನೆಯ ಪಕ್ಷ ತಾವೆಂಬುದನ್ನು ಗ್ರಂಥಗಳಿಲ್ಲದೆಯೇ ಅರಿತಿದ್ದರು. ಡಿ.ವಿ.ಜಿ.ಯವರ ವಾದ ಗೆದ್ದಿತು, ಅವರ ಮಾರ್ಗ ಗೆಲ್ಲಲಿಲ್ಲ ಎಂದು ಹೇಳಿದರೆ ಅವರಿಗೆ ಅಗೌರವವಾಗದೆಂದು ತಿಳಿಯುತ್ತೇವೆ.

ಆದರೆ ಸರಕಾರ ಜನರ ಕೈಗೆ ಬಂದ ಮೇಲೆ ಏನು ಮಾಡಬೇಕೆಂಬ ಪ್ರಶ್ನೆಗೆ ಚಳವಳಿಯಲ್ಲಿ ಉತ್ತರವಿರಲಿಲ್ಲ. ಅದಕ್ಕೆ ಸಿದ್ಧತೆ ಡಿ.ವಿ.ಜಿ.ಯವರಲ್ಲಿತ್ತು. 1945ರ ಫೆಬ್ರವರಿಯಲ್ಲಿ, ಸ್ವಾತಂತ್ರ್ಯಕ್ಕೆ ಎರಡೂವರೆ ವರ್ಷ ಮೊದಲೇ, ಅವರು ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದರು. ಬಸವನಗುಡಿಯ ಮಗ್ಗುಲಲ್ಲಿ, ನರಸಿಂಹರಾಜ ಕಾಲೋನಿಯಲ್ಲಿರುವ ಆ ಸಂಸ್ಥೆ ಯಾವ ರಾಜಕೀಯ ಪಕ್ಷಕ್ಕೂ ಸೇರದು. ಪುಸ್ತಕ ಭಂಡಾರ, ಉಪನ್ಯಾಸ, ಅಧ್ಯಯನ ಗೋಷ್ಠಿ, ಸಾರ್ವಜನಿಕ ವಿಷಯಗಳಿಗೆ ಮೀಸಲಾದ ಪತ್ರಿಕೆ ಇವು ಅದರ ಸಾಧನಗಳು. ಪದವಿ ಕೊಡುವುದಿಲ್ಲ, ಪರೀಕ್ಷೆಯಿಲ್ಲ. ಮೆಟ್ರಿಕ್ ದಾಟದ ಗುರುಗಳ ಮುಂದೆ ಕಾಲೇಜು ವಿದ್ಯಾರ್ಥಿಗಳೂ ನಿವೃತ್ತ ಅಧಿಕಾರಿಗಳೂ ಸಮಾನವಾಗಿ ಕುಳಿತು ಕೇಳುವ, ಪ್ರಶ್ನಿಸುವ ವ್ಯವಸ್ಥೆ.

ಅಲ್ಲಿ ಗೀತೆಯೂ ನಡೆಯುತ್ತಿತ್ತು, ರಾಜ್ಯನೀತಿಯೂ ನಡೆಯುತ್ತಿತ್ತು. ಗೀತೆಯ ಕುರಿತಾದ ಆ ಉಪನ್ಯಾಸಗಳೇ ಮುಂದೆ 'ಜೀವನಧರ್ಮಯೋಗ'ವೆಂಬ ಗ್ರಂಥವಾಗಿ, 1967ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಗೆ ಪಾತ್ರವಾದವು. ಈ ಎರಡು ವಿಷಯಗಳು ಒಂದೇ ಚಾವಣಿಯ ಕೆಳಗೆ ಇದ್ದದ್ದು ಏಕೆಂದು ನಾವು ಯೋಚಿಸಿದ್ದುಂಟು. ಸಾರ್ವಜನಿಕ ಜೀವನಕ್ಕೆ ಆಧ್ಯಾತ್ಮಿಕ ಶುದ್ಧಿ ಬೇಕೆಂಬುದು ಗೋಖಲೆಯವರ ಆಶಯವಾಗಿತ್ತು. ಡಿ.ವಿ.ಜಿ.ಯವರು ಅದನ್ನು ಹಿಡಿದು ಮುಂದೆ ಹೋದರು. ಒಪ್ಪಂದವೆಂದರೆ ಹಕ್ಕುಗಳ ಪಟ್ಟಿ ಮಾತ್ರವಲ್ಲ. ಅದಕ್ಕೆ ಸಹಿ ಹಾಕಿದವನು ತನ್ನ ಪಾಲಿನ ಕರ್ತವ್ಯವನ್ನು ಯಾರೂ ನೋಡದಾಗಲೂ ನಡೆಸಬೇಕು. ಪೊಲೀಸರು ಬೀದಿಬೀದಿಯಲ್ಲಿ ನಿಂತು ಆ ಕೆಲಸ ಮಾಡಿಸಲಾಗದು. ಅದಕ್ಕೆ ಒಳಗಿನ ಧರ್ಮವೇ ಬೇಕು. ಪಾಶ್ಚಾತ್ಯ ಒಪ್ಪಂದವಾದದಲ್ಲಿ ಸರಕಾರವನ್ನು ಹಿಡಿದು ನಿಲ್ಲಿಸುವ ಬಲವಿದೆ, ನಮ್ಮ ಧರ್ಮವಿಚಾರದಲ್ಲಿ ಪ್ರಜೆಯನ್ನು ಹಿಡಿದು ನಿಲ್ಲಿಸುವ ಬಲವಿದೆ. ಡಿ.ವಿ.ಜಿ.ಯವರಿಗೆ ಎರಡೂ ಬೇಕಾಗಿದ್ದವೆಂದು 'ರಾಜ್ಯಶಾಸ್ತ್ರ'ವನ್ನು ಓದಿದಾಗ ನಮಗೆ ತೋರಿತು.

ಆ ಗ್ರಂಥವನ್ನೂ ಅದರ ಜೊತೆಗಿರುವ 'ರಾಜ್ಯಾಂಗತತ್ತ್ವಗಳು' ಗ್ರಂಥವನ್ನೂ ಅವರು ಪಂಡಿತರಿಗಾಗಿ ಬರೆದವರಲ್ಲ. ಮತಾಧಿಕಾರ ಬಂದಿದೆ, ಆದರೆ ಮತದ ಅರ್ಥ ತಿಳಿದಿಲ್ಲ ಎಂಬಂಥ ಓದುಗನು ಅವರ ಕಣ್ಣಮುಂದಿದ್ದಾನೆ. 1952ರ ಮೊದಲ ಮಹಾಚುನಾವಣೆಯಲ್ಲಿ ಇಪ್ಪತ್ತೊಂದು ದಾಟಿದ ಎಲ್ಲರಿಗೂ ಮತವಿತ್ತು. ರಾಜ್ಯ ಎಂದರೇನು, ಶಾಸನಾಂಗ, ಕಾರ್ಯಾಂಗ, ನ್ಯಾಯಾಂಗಗಳನ್ನು ಬೇರೆ ಇಟ್ಟದ್ದೇಕೆ, ಬಹುಮತಕ್ಕೂ ಒಂದು ಎಲ್ಲೆಯಿರುವುದೇಕೆ ಎಂಬುದನ್ನು ಕನ್ನಡದಲ್ಲಿ ಹೇಳುವ ಪುಸ್ತಕಗಳು ಬೆರಳೆಣಿಕೆಯಷ್ಟು. ಪರಿಭಾಷೆಯನ್ನೇ ಕಟ್ಟಿಕೊಳ್ಳಬೇಕಿದ್ದ ಕಾಲವದು. ಅವರ ಗದ್ಯ ಇಂದಿನ ಮಕ್ಕಳಿಗೆ ಕೊಂಚ ಬಿಗಿಯೆನಿಸಬಹುದು. ನಮ್ಮ ವಿದ್ಯಾರ್ಥಿನಿಗೂ ಹಾಗೆಯೇ ಅನಿಸಿತು. ಮೊದಲ ಕೆಲವು ಪುಟಗಳನ್ನು ನಾವು ಜೊತೆಗೆ ಕುಳಿತು ಓದಿದೆವು, ಅನಂತರ ಅವಳು ಅಜ್ಜಿಗೆ ಓದಿ ಹೇಳಿದಳು. ಇಂಗ್ಲಿಷ್ ಪಠ್ಯದಲ್ಲಿ ಮೂವರು ಯುರೋಪಿಯನ್ನರ ಹೆಸರುಗಳಾಗಿ ನಿಂತಿದ್ದ ವಿಚಾರ ಕನ್ನಡದಲ್ಲಿ ಒಂದು ಪ್ರಶ್ನೆಯಾಗಿ ಎದ್ದು ಕುಳಿತುದನ್ನು ಅವಳೇ ಗಮನಿಸಿದಳು. ಅಜ್ಜಿಯವರದು ಮಾತ್ರ ಒಂದೇ ತಕರಾರು: ಸೊಸೈಟಿಯ ವಾರ್ಷಿಕ ಸಭೆಗೆ ಅರ್ಧದಷ್ಟು ಜನರೂ ಬರುವುದಿಲ್ಲವಲ್ಲ, ಹಾಗಾದರೆ ಕರಾರು ಯಾರ ನಡುವೆ?

ಈ ತಕರಾರು ಡಿ.ವಿ.ಜಿ.ಯವರದೂ ಆಗಿತ್ತೆನ್ನಲು ಅಡ್ಡಿಯಿಲ್ಲ. 'ಜ್ಞಾಪಕ ಚಿತ್ರಶಾಲೆ'ಯ ಎಂಟು ಸಂಪುಟಗಳಲ್ಲಿ ಒಂದು ಮೈಸೂರಿನ ದಿವಾನರ ಚಿತ್ರಗಳಿಗೆ ಮೀಸಲಾಗಿದ್ದರೆ, ಮತ್ತೊಂದು ಹೆಸರು ಮರೆತುಹೋಗಬಹುದಾಗಿದ್ದ ಸಾರ್ವಜನಿಕರ ಕುರಿತಾದದ್ದು. ಊರಿಗೆ ನೀರು, ಶಾಲೆ, ಗ್ರಂಥಾಲಯಗಳಿಗಾಗಿ ಓಡಾಡಿದವರು, ಸಭೆಗೆ ತಪ್ಪದೆ ಬಂದವರು, ತಮ್ಮ ಹಣದಿಂದ ಅಂಚೆಚೀಟಿ ಹಚ್ಚಿ ಸರಕಾರಕ್ಕೆ ಅರ್ಜಿ ಬರೆಯುವ ಜಾತಿಯ ಜನ. ದಿವಾನರಿಗೆ ಕೊಟ್ಟ ಗಮನವನ್ನೇ ಅವರು ಇವರಿಗೂ ಕೊಟ್ಟರು. ಒಳ್ಳೆಯ ಸರಕಾರವನ್ನು ನಿಭಾಯಿಸುವವರು ಇವರೇ ಎಂಬ ನಂಬಿಕೆ ಇಲ್ಲದಿದ್ದರೆ ಹಾಗೆ ಬರೆಯಲಾಗದು. ನಮ್ಮ ಉಪನಗರಗಳ ಕನ್ನಡ ಸಂಘಗಳನ್ನು ಕಟ್ಟಿದವರೂ ಇದೇ ಜಾತಿಯವರಲ್ಲವೇ? ಮನೆಮನೆಗೆ ಹೋಗಿ ರಸೀದಿ ಹರಿದು ವರ್ಗಣಿ ತಂದು, ಮಹಾಸಭೆಯಲ್ಲಿ ಪೈಸೆ ಪೈಸೆಯ ಲೆಕ್ಕ ಒಪ್ಪಿಸಿದ ಹಿರಿಯರನ್ನು ನಾವು ಕಂಡಿದ್ದೇವೆ.

1961ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. 1970ರಲ್ಲಿ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದಲ್ಲಿ ಅವರನ್ನು ಸನ್ಮಾನಿಸಿ ದೊಡ್ಡ ಮೊತ್ತದ ನಿಧಿಯನ್ನು ಅರ್ಪಿಸಿದಾಗ ಅದನ್ನು ಅವರು ಗೋಖಲೆ ಸಂಸ್ಥೆಗೆ ಕೊಟ್ಟುಬಿಟ್ಟರು. 1974ರಲ್ಲಿ ಪದ್ಮಭೂಷಣ ಬಂದಿತು. ಅವರ ಹೆಸರಿನ ಅಂಚೆಚೀಟಿ 1988ರಲ್ಲಿ ಹೊರಬಂದಿತು. ಅವರು ನಡೆದಾಡಿದ ಬಸವನಗುಡಿಯ ನಾಗಸಂದ್ರ ರಸ್ತೆಗೆ ಈಗ ಅವರದೇ ಹೆಸರು. ಗಾಂಧಿಬಜಾರಿಗೆ ಹೂವು, ತರಕಾರಿ ತರಲು ಹೋಗುವ ಬೆಂಗಳೂರಿನ ನಮ್ಮ ಬಂಧುಗಳು ದಿನವೂ ಆ ಫಲಕದ ಕೆಳಗೆ ಹಾದುಹೋಗುತ್ತಾರೆ.

ಡಿ.ವಿ.ಜಿ.ಯವರು ಎಂಬತ್ತೆಂಟನೆಯ ವಯಸ್ಸಿನಲ್ಲಿ, 1975ರ ಅಕ್ಟೋಬರ್ 7ರಂದು ನಿಧನರಾದರು. ದೇಶದಲ್ಲಿ ತುರ್ತುಪರಿಸ್ಥಿತಿ ಘೋಷಣೆಯಾಗಿ ಆಗ ಮೂರು ತಿಂಗಳು ಕಳೆದಿತ್ತು, ಪತ್ರಿಕೆಗಳ ಮೇಲೆ ಮತ್ತೆ ನಿರ್ಬಂಧವಿತ್ತು. ಗೋಖಲೆ ಸಂಸ್ಥೆಯಲ್ಲಿ ಉಪನ್ಯಾಸಗಳು ಅವರ ಕಾಲಾನಂತರವೂ ಮುಂದುವರಿದವು. ಬೆಂಗಳೂರಿಗೆ ಹೋದಾಗ ಮಲಾಡಿನ ನಮ್ಮ ಓದುಗರು, ಕಾಲೇಜಿಗೆ ಹೋಗುವ ಮಕ್ಕಳನ್ನೂ ಜೊತೆಗೆ ಕರೆದುಕೊಂಡು, ಒಂದು ಸಂಜೆ ಅಲ್ಲಿಗೆ ಹೋಗಿ ಕುಳಿತು ಬರಬಹುದು.